ಕಾಲು ರೊಟ್ಟಿಯ ಊಟ

ಅಕ್ಕಲಕೋಟೆಯ ಸೀಮೆಯಲ್ಲಿ ಊಟವನ್ನು ರೊಟ್ಟಿಯಿಂದ ಎಣಿಸುತ್ತಾರೆ. ತಾಟಿನಲ್ಲಿ ಪಲ್ಯ, ಹಿಂಡಿ, ಮೊಸರು, ಅನ್ನ, ಸಾರು ಎಷ್ಟೇ ಇದ್ದರೂ ಅವು ಲೆಕ್ಕಕ್ಕೆ ಬರುವುದಿಲ್ಲ. ಹೊಲದಿಂದ ಬಂದ ಆಳಿನ ದುಡಿಮೆ, ಜ್ವರದಿಂದ ಎದ್ದವನ ಚೇತರಿಕೆ, ಹೊಸದಾಗಿ ಬಂದ ಸೊಸೆಯ ಸಂಕೋಚ ಎಲ್ಲವನ್ನೂ ಮನೆಯ ಹಿರಿಯರು ರೊಟ್ಟಿಯ ಸಂಖ್ಯೆಯಿಂದಲೇ ಅಳೆಯುತ್ತಾರೆ. ನಾಲ್ಕೈದು ಉಣ್ಣುವವನು ಗಟ್ಟಿಮುಟ್ಟಾದವನು. ಒಂದಕ್ಕೇ ಕೈ ತೊಳೆದುಕೊಂಡವನಿಗೆ ಏನೋ ಆಗಿದೆ ಎಂದು ಅರ್ಥ. ಇಂಥ ಊರಿನಲ್ಲಿ ಒಬ್ಬ ಮನುಷ್ಯ, ಅದೂ ಐದು ರೊಟ್ಟಿಯ ಮನುಷ್ಯ, ಕಾಲು ರೊಟ್ಟಿಗೆ ಇಳಿದರೆ ಅದು ಅವನೊಬ್ಬನ ಸುದ್ದಿಯಾಗಿ ಉಳಿಯುವುದಿಲ್ಲ.

ಆ ಮನುಷ್ಯ ತಾಲೂಕಿನ ಗಡಿಯಂಚಿನ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯ ಮುಖ್ಯಾಧ್ಯಾಪಕರು. ಊರಿಗೆಲ್ಲ ಅವರು ಮಾಸ್ತರರೇ. ವಯಸ್ಸು 46, ಎತ್ತರ ಐದಡಿ ಆರಂಗುಲ, ತೂಕ 128 ಕಿಲೋ. ಒಂಬತ್ತು ವರ್ಷಗಳ ಸಕ್ಕರೆ ಕಾಯಿಲೆ ಗುಳಿಗೆಯಿಂದ ಇನ್ಸುಲಿನ್ನಿಗೆ ಏರಿತ್ತು. ಶಾಲೆಯ ನಾಲ್ಕು ಮೆಟ್ಟಿಲು ಹತ್ತುವುದಕ್ಕೆ ಅವರು ಗೋಡೆಯನ್ನು ಹಿಡಿಯುತ್ತಿದ್ದರು. ರಾತ್ರಿ ಗೊರಕೆಯ ನಡುವೆ ಉಸಿರು ನಿಂತು ಬೆಚ್ಚಿ ಏಳುತ್ತಿದ್ದರು. ಆ ನಿಂತ ಉಸಿರು ಮರಳುವವರೆಗೆ ಎಣಿಸುತ್ತ ಮಲಗಿರುವುದು ಅವರ ಹೆಂಡತಿಗೆ ರೂಢಿಯಾಗಿತ್ತು. ಪಥ್ಯ, ನಡಿಗೆ, ಪ್ರಕೃತಿ ಚಿಕಿತ್ಸೆ ಎಲ್ಲ ಮುಗಿದ ಮೇಲೆ ಪುಣೆಯ ಒಂದು ಆಸ್ಪತ್ರೆಯಲ್ಲಿ ಜಠರವನ್ನು ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆ ಎಂದು ನಿಶ್ಚಯವಾಯಿತು.

ತೂಕ ಇಳಿಸುವ ಚಿಕಿತ್ಸೆಗೆ ಆರೋಗ್ಯ ವಿಮೆ ದೊರೆಯುವುದೇ ಇಲ್ಲವೆಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಅದು ಪೂರ್ತಿ ನಿಜವಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಹೊರಗಿಡುವ ಷರತ್ತುಗಳನ್ನು ಏಕರೂಪಗೊಳಿಸಿದಾಗ ಇದಕ್ಕೊಂದು ಬಾಗಿಲನ್ನು ತೆರೆದಿಟ್ಟಿತು: ವೈದ್ಯರ ಸಲಹೆ ಇರಬೇಕು, ವಯಸ್ಸು 18 ತುಂಬಿರಬೇಕು, ದೇಹತೂಕ ಸೂಚ್ಯಂಕ 40 ಅಥವಾ ಅದಕ್ಕೂ ಹೆಚ್ಚಿರಬೇಕು, 35ರ ಮೇಲಿದ್ದರೆ ಹತೋಟಿಗೆ ಬಾರದ ಮಧುಮೇಹ, ಹೃದ್ರೋಗ, ನಿದ್ರೆಯಲ್ಲಿ ಉಸಿರುಗಟ್ಟುವ ತೀವ್ರ ತೊಂದರೆಯಂಥ ಕಾಯಿಲೆಯೂ ಜೊತೆಗಿರಬೇಕು. ಮಾಸ್ತರರ ಸೂಚ್ಯಂಕ 45 ದಾಟಿತ್ತು. ಕರಾರಿನ ಸಣ್ಣಕ್ಷರಗಳನ್ನು ಹಣ ಕಟ್ಟುವ ದಿನವೇ ಓದುವವರು ಕಡಿಮೆ. ಓದಿದವರಿಗೆ ಅದರಿಂದ ನಷ್ಟವಾದದ್ದಿಲ್ಲ.

ಶಸ್ತ್ರಚಿಕಿತ್ಸೆಗೆ ಮುನ್ನ ಸಹಿಗಾಗಿ ತಂದ ಒಪ್ಪಿಗೆಪತ್ರ ಹನ್ನೊಂದು ಪುಟಗಳದ್ದು. ರಕ್ತಸ್ರಾವ, ಸೋರಿಕೆ, ಸೋಂಕು, ಅರಿವಳಿಕೆಯ ಅಪಾಯ ಎಲ್ಲ ಅದರಲ್ಲಿತ್ತು. ಕಾನೂನಿನ ದೃಷ್ಟಿಯಿಂದ ಅದರಲ್ಲಿ ಕೊರತೆಯೇನೂ ಇರಲಿಲ್ಲ. ಆದರೆ ಆ ಪತ್ರ ಒಪ್ಪಿಗೆ ಕೇಳಿದ್ದು ಕತ್ತಿಗೆ. ಅದರ ಮರುದಿನದಿಂದ ಬದುಕಿನುದ್ದಕ್ಕೂ ಬರುವ ತಾಟಿಗೆ ಅಲ್ಲ. ಮಾಸ್ತರರ ಹೊಟ್ಟೆಯೊಡನೆ ಯಾರ ಒಲೆ, ಯಾರ ಕೈ, ಯಾರ ದಿನಚರಿ ಬದಲಾಗಲಿತ್ತೋ ಅವರ ಸಹಿಗೆ ಅಲ್ಲಿ ಜಾಗವೂ ಇರಲಿಲ್ಲ.

ಆಗಿದ್ದೇನು ಎಂಬುದನ್ನು ಮಾಸ್ತರರೇ ರಜೆ ಮುಗಿಸಿ ಬಂದ ವಾರ ಏಳನೆಯ ತರಗತಿಗೆ ಪಾಠ ಮಾಡಿ ಹೇಳಿದರು. ಹೇಳದೆ ಗತ್ಯಂತರವಿರಲಿಲ್ಲ. "ಸರ್, ನಿಮ್ಮ ಹೊಟ್ಟಿ ಕೊಯ್ದು ತಗದಾರಂತ, ಖರೇನ್ರಿ?" ಎಂದು ಮುಂದಿನ ಸಾಲಿನ ಹುಡುಗ ಕೇಳಿಯೇಬಿಟ್ಟಿದ್ದ. ಅವರು ಹಲಗೆಯ ಮೇಲೆ ಜಠರದ ಚಿತ್ರ ಬರೆದರು. ಅದರ ಉಬ್ಬಿದ ಬದಿಗುಂಟ ಒಂದು ಗೆರೆ ಎಳೆದು, ಗೆರೆಯಾಚೆಯ ಭಾಗವನ್ನು ಒರೆಸಿಹಾಕಿದರು. ಉಳಿದದ್ದು ಬಾಳೆಹಣ್ಣಿನ ಆಕಾರದ ಒಂದು ನಳಿಗೆ. ಒರೆಸಿದ್ದು ಮುಕ್ಕಾಲು ಭಾಗಕ್ಕಿಂತ ಹೆಚ್ಚು. ಉಂಡಾಗ ಒಂದು ಲೀಟರಿಗೂ ಮಿಕ್ಕಿ ಹಿಗ್ಗುತ್ತಿದ್ದ ಚೀಲದಲ್ಲಿ ಇನ್ನು ಹಿಡಿಯುವುದು 100ರಿಂದ 150 ಮಿಲಿಲೀಟರು, ಒಂದು ಚಹಾ ಕಪ್ಪಿನಷ್ಟು. ಒರೆಸಿದ ಆ ಭಾಗದಲ್ಲಿಯೇ ಹಸಿವನ್ನು ಮಿದುಳಿಗೆ ಸಾರುವ ಗ್ರೆಲಿನ್ ಎಂಬ ರಸದೂತದ ಬಹುಪಾಲು ಹುಟ್ಟುತ್ತದೆ. ಆದ್ದರಿಂದ ಹಸಿವೂ ಮೊದಲಿನಂತೆ ಕೂಗುವುದಿಲ್ಲ. ಹುಡುಗರು ಇದನ್ನು ಬೇಗ ತಿಳಿದುಕೊಂಡರು. ಹಿರಿಯರಿಗೆ ತಿಳಿಯಲು ವರ್ಷ ಹಿಡಿಯಿತು.

ಆಸ್ಪತ್ರೆಯಿಂದ ಬಂದ ಪಥ್ಯದ ಹಾಳೆ ಇಂಗ್ಲಿಷಿನಲ್ಲಿಯೂ ಮರಾಠಿಯಲ್ಲಿಯೂ ಇತ್ತು. ಅದರಲ್ಲಿ ಓಟ್ಸ್, ಟೋಫು, ಬ್ರೊಕೊಲಿ ಸೂಪು ಎಂದೆಲ್ಲ ಇದ್ದವು. ಇವುಗಳಲ್ಲಿ ಒಂದೂ ಆ ಊರಿನ ಸೋಮವಾರದ ಸಂತೆಗೆ ಬರುವುದಿಲ್ಲ. ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳು ಮೊದಲು ಅದನ್ನು ಶಬ್ದಕ್ಕೆ ಶಬ್ದವಾಗಿ ಕನ್ನಡಕ್ಕೆ ಇಳಿಸಿದಳು, ಅದರಿಂದ ಉಪಯೋಗವಾಗಲಿಲ್ಲ. ಬಳಿಕ ಹಾಳೆಯನ್ನು ಬದಿಗಿಟ್ಟು, ತಾಯಿಯೊಡನೆ ಅಡುಗೆಮನೆಯಲ್ಲಿ ಕುಳಿತು, ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡಿದಳು. ಮೊದಲ ಎರಡು ದಿನದ ತಿಳಿನೀರಿಗೆ ಸೋಸಿದ ಬೇಳೆಯ ಕಟ್ಟು ಮತ್ತು ಎಳನೀರು. ಎರಡು ವಾರದ ದ್ರವಾಹಾರಕ್ಕೆ ಬೆಣ್ಣೆ ತೆಗೆದ ಮಜ್ಜಿಗೆ, ತೆಳು ಅಂಬಲಿ, ಹಾಲು. ಅದರ ಮುಂದಿನ ಅರೆದ ಊಟಕ್ಕೆ ಮಿದಿಸಿದ ಹೆಸರುಬೇಳೆ ಮತ್ತು ಗಂಜಿಯಂತೆ ಬೇಯಿಸಿದ ಜೋಳದ ನುಚ್ಚು. ಉಪ್ಪುಖಾರ ಕಡಿಮೆ. ಹಳೆಯ ವಹಿಯೊಂದಕ್ಕೆ ಗೆರೆ ಹಾಕಿ ನಾಲ್ಕು ಕಲಮು ಮಾಡಿದಳು: ವೇಳೆ, ಪದಾರ್ಥ, ಎಷ್ಟು ಚಮಚ, ಹೊಟ್ಟೆ ಏನೆಂದಿತು. ಕೊನೆಯ ಕಲಮಿನಲ್ಲಿ ಮೂರೇ ಗುರುತುಗಳು: ಇಳಿದದ್ದಕ್ಕೆ ಸರಿ, ನಿಂತದ್ದಕ್ಕೆ ತಪ್ಪು, ಗೊತ್ತಾಗದ್ದಕ್ಕೆ ಪ್ರಶ್ನೆ. ಕನ್ನಡ ಶಾಲೆಯಲ್ಲಿ ಕಲಿತರೆ ಮುಂದೇನು ಎಂದು ಕೇಳುವವರು ಆ ವಹಿಯನ್ನೊಮ್ಮೆ ನೋಡಬಹುದಿತ್ತು.

ಆ ದ್ರವದ ದಿನಗಳು ಕಠಿಣವೆಂದು ಎಲ್ಲರೂ ಹೆದರಿಸಿದ್ದರು. ಹಾಗಾಗಲಿಲ್ಲ. ಹಸಿವಿಲ್ಲದ ಮನುಷ್ಯನಿಗೆ ಉಪವಾಸ ಭಾರವಲ್ಲ. ಭಾರವಾದದ್ದು ನೀರು. ದಿನಕ್ಕೆ ಒಂದೂವರೆ ಲೀಟರು ಹೋಗಲೇಬೇಕು, ಆದರೆ ಒಮ್ಮೆಗೆ ಒಂದೆರಡು ಗುಟುಕಿಗಿಂತ ಹೆಚ್ಚು ಹೋಗದು. ಬಿಸಿಲಿನಿಂದ ಬಂದು ತಂಬಿಗೆ ಎತ್ತಿ ಗಟಗಟನೆ ಕುಡಿಯುವ ಸುಖ ಅವರ ಪಾಲಿಗೆ ಮುಗಿದಿತ್ತು. ಊಟ ಮತ್ತು ನೀರಿನ ನಡುವೆ ಅರ್ಧ ಗಂಟೆಯ ಅಂತರ ಇರಬೇಕೆಂಬ ನಿಯಮ ಇನ್ನೊಂದು ಕಡೆ ಎಡವಿಸಿತು. ಅವರ ಮನೆಯಲ್ಲಿ ಉಂಡ ತಾಟನ್ನು ಅಲ್ಲಿಯೇ ತೊಳೆದು ಆ ನೀರನ್ನು ಕುಡಿಯುವುದು ತಲೆಮಾರಿನಿಂದ ಬಂದ ನಡೆ. ಪ್ರಸಾದದ ಒಂದು ಅಗುಳೂ ವ್ಯರ್ಥವಾಗಬಾರದೆಂಬ ಲಿಂಗಾಯತ ಮನೆಗಳ ನಿಷ್ಠೆ ಅದು. ಉಂಡೊಡನೆ ಆ ಒಂದು ಬಟ್ಟಲು ನೀರು ಕುಡಿದರೆ ತುಂಬಿದ ನಳಿಗೆ ಉಕ್ಕುತ್ತಿತ್ತು. ನಾಲ್ಕು ದಿನ ಒದ್ದಾಡಿದ ಮೇಲೆ ಮಾಸ್ತರರು ತೊಳೆದ ನೀರನ್ನು ಬಟ್ಟಲಲ್ಲಿ ಮುಚ್ಚಿಟ್ಟು, ಗಡಿಯಾರ ನೋಡಿ ಅರ್ಧ ಗಂಟೆಯ ಬಳಿಕ ಕುಡಿಯತೊಡಗಿದರು. ಶಾಸ್ತ್ರವೂ ನಡೆಯಿತು, ವೈದ್ಯರ ಮಾತೂ ನಡೆಯಿತು.

ನಿಜವಾದ ವ್ಯಾಜ್ಯ ಹುಟ್ಟಿದ್ದು ಗಟ್ಟಿ ಆಹಾರ ಬಂದಾಗ. ಎರಡು ತಿಂಗಳಾಗುತ್ತಲೇ ತಾಯಿ ಮಗನಿಗಾಗಿ ತಾವೇ ಒಲೆಯ ಮುಂದೆ ಕುಳಿತರು. ಎಪ್ಪತ್ತು ದಾಟಿದ ಕೈ. ಮಾಲದಂಡಿ ಜೋಳದ ಹಿಟ್ಟು. ಹಂಚಿನಿಂದ ಉಬ್ಬಿ ಎದ್ದ, ಹತ್ತಿಯಂತೆ ಮೃದುವಾದ ಬಿಸಿ ರೊಟ್ಟಿ. ಮಾಸ್ತರರು ಎರಡನೆಯ ತುತ್ತಿಗೇ ನಿಂತರು. ಎದೆಯ ನಡುವೆ ಒಂದು ಕಲ್ಲು ಕೂತಂತಾಯಿತು. ಬಾಯಿ ತುಂಬ ನೊರೆಯಂಥ ಜೊಲ್ಲು. ಎದ್ದು ಹಿತ್ತಲಿಗೆ ಹೋದರು. ಮೃದುವಾದದ್ದು ಸುಲಭವಾಗಿ ಇಳಿಯುತ್ತದೆ ಎಂಬುದು ಎಲ್ಲರ ನಂಬಿಕೆ. ಕಿರಿದಾದ ಜಠರದ ನ್ಯಾಯ ಬೇರೆ. ಮೃದು ರೊಟ್ಟಿ, ಬ್ರೆಡ್ಡು, ಮುದ್ದೆಯಾದ ಅನ್ನ ಬಾಯಲ್ಲಿ ಸರಿಯಾಗಿ ಅರೆಯದೆ ಜಾರಿ, ಒಳಗೆ ಅಂಟಿ ಉಂಡೆಯಾಗಿ ಕೂಡುತ್ತವೆ. ಆಶ್ಚರ್ಯವೆಂದರೆ ಕಡಕ್ ರೊಟ್ಟಿ ಇಳಿಯಿತು. ಹಪ್ಪಳದಂತೆ ಮುರಿಯುವ ಆ ರೊಟ್ಟಿಯನ್ನು ಅಗಿಯದೆ ನುಂಗುವುದು ಯಾರಿಂದಲೂ ಆಗದು. ಇಪ್ಪತ್ತೈದು ಸಲ ಅಗಿಯಿರಿ ಎಂಬ ವೈದ್ಯರ ಆಜ್ಞೆಯನ್ನು ಆ ರೊಟ್ಟಿ ತಾನೇ ಜಾರಿಗೊಳಿಸುತ್ತದೆ. ಒಂದು ಕಡಕ್ ರೊಟ್ಟಿಯ ಕಾಲು ಭಾಗ, ಎರಡು ಚಮಚ ಗಟ್ಟಿ ಬೇಳೆ, ಸ್ವಲ್ಪ ಮೊಸರು. ಇಪ್ಪತ್ತು ನಿಮಿಷದಲ್ಲಿ ಊಟ ಪೂರ್ಣವಾಗುತ್ತಿತ್ತು.

ತಾಯಿಗೆ ಇದು ವಿಜ್ಞಾನವಾಗಿ ತೋರಲಿಲ್ಲ. ಬಿಸಿ ರೊಟ್ಟಿ ಮನೆಯವರಿಗೆ. ಕಡಕ್ ರೊಟ್ಟಿ ಪ್ರಯಾಣಕ್ಕೆ, ಬುತ್ತಿಗೆ, ಅಡುಗೆ ಮಾಡುವವರಿಲ್ಲದ ದಿನಕ್ಕೆ. "ನಾ ಇನ್ನೂ ಜೀವಂತ ಅದೀನಿ, ಬಿಸಿ ಬಿಟ್ಟು ಡಬ್ಬಿ ರೊಟ್ಟಿಗೆ ಕೈ ಹಾಕ್ತೀಯಲ್ಲೋ ಯಪ್ಪಾ" ಎಂದು ಅವರು ಅಂದದ್ದು ಬೈಗುಳವಾಗಿರಲಿಲ್ಲ. ಆದ್ದರಿಂದಲೇ ಮಗನಿಗೆ ಅದಕ್ಕೆ ಉತ್ತರ ಹೊಳೆಯಲಿಲ್ಲ. ಮೂರು ದಿನ ತಾಯಿ ಒಲೆಯ ಕಡೆ ಬರಲಿಲ್ಲ. ನಾಲ್ಕನೆಯ ದಿನ ಹಿಟ್ಟಿನ ಕೊನೆಯ ಉಂಡೆಯಲ್ಲಿ, ಹಿಂದೆ ಮಗು ಹಟ ಮಾಡಿದಾಗ ತಟ್ಟಿಕೊಡುತ್ತಿದ್ದಂಥ ಅಂಗೈಯಗಲದ ರೊಟ್ಟಿಯೊಂದನ್ನು ತೆಳ್ಳಗೆ ತಟ್ಟಿ, ಹಂಚಿನ ಮೇಲೆಯೇ ಬಿಟ್ಟು ಗರಿಗರಿ ಮಾಡಿ, ಮಾತಾಡದೆ ತಾಟಿಗೆ ಹಾಕಿದರು. ವಹಿಯಲ್ಲಿ ಆ ದಿನ ಸರಿ ಗುರುತು ಇದೆ.

ಅನ್ನದ ಪರೀಕ್ಷೆ ಶಾಲೆಯಲ್ಲಿಯೇ ಆಯಿತು. ಮಧ್ಯಾಹ್ನದ ಊಟವನ್ನು ಮಕ್ಕಳಿಗೆ ಬಡಿಸುವ ಮುನ್ನ ಶಿಕ್ಷಕರೊಬ್ಬರು ರುಚಿ ನೋಡಬೇಕೆಂಬುದು ನಿಯಮ. ಮಾಸ್ತರರು ಆ ಕೆಲಸವನ್ನು ಎಂದೂ ಇನ್ನೊಬ್ಬರಿಗೆ ಬಿಟ್ಟವರಲ್ಲ. ಒಂದು ಚಮಚ ಖಿಚಡಿ ಅವಸರದಲ್ಲಿ ನುಂಗಿ ಅವರು ಕಂಬ ಹಿಡಿದು ನಿಂತಾಗ ಅಡುಗೆಯ ಬಾಯಿ ಖಿಚಡಿಯಲ್ಲಿಯೇ ಏನೋ ದೋಷವಿದೆಯೆಂದು ಗಾಬರಿಯಾದಳು. ಮಕ್ಕಳ ತಾಟುಗಳು ಖಾಲಿಯಾಗಿಯೇ ಕಾದವು. ಅಂದಿನಿಂದ ರುಚಿ ನೋಡುವ ಕೆಲಸ ಸಹಶಿಕ್ಷಕಿಯದಾಯಿತು. ಹುದ್ದೆಯ ಅನೇಕ ಅಧಿಕಾರಗಳನ್ನು ಸಂತೋಷದಿಂದ ಬಿಟ್ಟುಕೊಡುವ ಮನುಷ್ಯನಿಗೆ ಆ ಒಂದು ಚಮಚವನ್ನು ಬಿಟ್ಟುಕೊಡುವುದು ಕಷ್ಟವಾಯಿತು. ಹೀಗೆ ಒಮ್ಮೊಮ್ಮೆ ನಿಲ್ಲುವುದು ಸಾಮಾನ್ಯ. ದಿನಗಟ್ಟಲೆ ವಾಂತಿ ನಿಲ್ಲದಿದ್ದರೆ ಮಾತ್ರ ಮನೆಮದ್ದು ಮಾಡುತ್ತ ಕೂಡಬಾರದು. ಬಿ1 ಜೀವಸತ್ವ ಬರಿದಾಗಿ ನರಗಳಿಗೇ ಪೆಟ್ಟು ಬೀಳುತ್ತದೆ.

ಸಿಹಿಯ ಕಥೆ ಬೇರೆ. ಆರನೆಯ ತಿಂಗಳಿನಲ್ಲಿ ತಂಗಿಯ ಬೀಗರ ಮನೆಯಲ್ಲಿ ಲಗ್ನ. ನಮ್ಮಲ್ಲಿ ಪಂಕ್ತಿಯ ಒತ್ತಾಯವೆಂಬುದು ಒಂದು ಕಲೆ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೂ ಬೆರಳಿನ ಸಂದಿಯಲ್ಲಿ ಹೋಳಿಗೆ ಜಾರಿಸುವವರು ಇದ್ದಾರೆ. ಬೀಗರ ಮುಂದೆ ಬೇಡವೆನ್ನುವುದು ಊಟಕ್ಕೆ ಹೇಳಿದ ಮಾತಾಗುವುದಿಲ್ಲ, ಸಂಬಂಧಕ್ಕೆ ಹೇಳಿದ ಮಾತಾಗುತ್ತದೆ. ಮಾಸ್ತರರು ಅರ್ಧ ಹೋಳಿಗೆ ತುಪ್ಪದೊಡನೆ ಉಂಡರು. ಕಾಲು ಗಂಟೆಯೊಳಗೆ ಬೆವರು, ಎದೆಬಡಿತ, ಹೊಟ್ಟೆಯ ಮುರಿತ, ಕಣ್ಣಿಗೆ ಕತ್ತಲೆ. ಬೆಲ್ಲ ಸಕ್ಕರೆ ಕಿರಿದಾದ ಜಠರದಲ್ಲಿ ನಿಲ್ಲದೆ ಒಮ್ಮೆಲೇ ಸಣ್ಣಕರುಳಿಗೆ ನುಗ್ಗಿದಾಗ ಹೀಗಾಗುತ್ತದೆ; ಕರುಳಿನ ದಾರಿಯನ್ನೇ ತಿರುಗಿಸುವ ಬೈಪಾಸ್ ಶಸ್ತ್ರಚಿಕಿತ್ಸೆಯವರಲ್ಲಿ ಇದು ಇನ್ನೂ ಹೆಚ್ಚು. ಮಂಟಪದ ಹಿಂದಿನ ಕೋಣೆಯಲ್ಲಿ ಮಲಗಿದ ಅವರನ್ನು ಕಂಡು ಅದೇ ಬೀಗರು ಗಾಳಿ ಹಾಕಿದರು. ಬಳಿಕ ಆ ಮನೆಯಿಂದ ಬಂದ ಪ್ರತಿ ಕರೆಯಲ್ಲಿಯೂ "ಅಣ್ಣಾವ್ರಿಗೆ ಕಟ್ಟಿನ ಸಾರು ಬ್ಯಾರೆ ತಗದಿಟ್ಟೀವ್ರಿ" ಎಂಬ ಮಾತು ಸೇರಿಕೊಂಡಿತು. ಒತ್ತಾಯ ನಿಲ್ಲಲಿಲ್ಲ; ಅದರ ದಿಕ್ಕು ಬದಲಾಯಿತು.

ಕೂದಲು ಉದುರಿತು, ಮತ್ತೆ ಬಂತು. ಹಳೆಯ ಅಂಗಿಗಳು ಅಳಿಯಂದಿರ ಪಾಲಾದವು. ಇನ್ಸುಲಿನ್ ನಿಂತಿತು. ವರ್ಷ ತುಂಬುವಾಗ ತೂಕ 88 ಕಿಲೋ. ಇವೆಲ್ಲ ಊರವರು ಎದುರಿಗೆ ಸಿಕ್ಕಾಗ ಕೇಳುವ ಸಂಗತಿಗಳು. ಉತ್ತರ ಹೇಳಿ ಹೇಳಿ ಮಾಸ್ತರರಿಗೂ ಬೇಸರ ಬಂದಿದೆ.

ಯಾರೂ ಕೇಳದ ಸಂಗತಿ ಒಂದಿತ್ತು. ಶಸ್ತ್ರಚಿಕಿತ್ಸೆಯಾದವರಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಬೇಕು. ಒಂದು ಲೋಟ ಹಾಲಿನಿಂದ ಆರೇಳು ಗ್ರಾಂ ಬಂದೀತು, ಉಳಿದದ್ದನ್ನು ಬೇಳೆ, ಮೊಸರು, ಪನೀರು, ಅರೆದ ಶೇಂಗಾಗಳಿಂದ ಕೂಡಿಸಬೇಕು. ಬಿ12, ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳು ಜೀವನಪರ್ಯಂತ. ಈ ಲೆಕ್ಕವನ್ನು ಹಿಡಿದು ದಿನಕ್ಕೆ ಆರು ಸಲ ಚಿಕ್ಕ ಬಟ್ಟಲು ತುಂಬುತ್ತಿದ್ದವರು ಅವರ ಹೆಂಡತಿ. ಬೆಳಗಿನ ಐದಕ್ಕೆ ಎದ್ದು ಮನೆಗೆಲ್ಲ ಒಂದು ಅಡುಗೆ, ಗಂಡನಿಗೊಂದು ಅಡುಗೆ. ಅವರ ಸ್ವಂತ ಊಟ ಮೊದಲಿನಿಂದಲೂ ಎಲ್ಲರದೂ ಆದ ಮೇಲೆ, ಉಳಿದದ್ದರಲ್ಲಿ. ಈಗ ಉಳಿಯುವುದು ಗಂಡನ ಬಟ್ಟಲಿನ ಮೂರು ಚಮಚ ಬೇಳೆ. ಚೆಲ್ಲಬಾರದೆಂದು ಅದನ್ನೇ ಉಂಡು, ಮೇಲೊಂದು ಕಪ್ಪು ಚಹಾ ಕುಡಿದು, ಊಟವಾಯಿತೆಂದು ಏಳುತ್ತಿದ್ದರು. ಹತ್ತನೆಯ ತಿಂಗಳಿನ ತಪಾಸಣೆಗೆ ಗಂಡನ ಜೊತೆ ಹೋದಾಗ ಆಸ್ಪತ್ರೆಯ ಮೆಟ್ಟಿಲಿನ ಮೇಲೆ ತಲೆತಿರುಗಿ ಕುಳಿತುಬಿಟ್ಟರು. ರಕ್ತ ಪರೀಕ್ಷೆ ಮಾಡಿದರೆ ಹಿಮೋಗ್ಲೋಬಿನ್ 7.9. ಹೆಂಗಸರಿಗೆ 12 ಇರಬೇಕಾದದ್ದು. ಮಾಸ್ತರರದು 13ರ ಮೇಲಿತ್ತು. ಜಠರ ಕತ್ತರಿಸಿಕೊಂಡವರ ರಕ್ತ ತುಂಬಿತ್ತು. ಜಠರ ಪೂರ್ತಿ ಇದ್ದವರದು ಬರಿದಾಗಿತ್ತು.

ಈ ಸಂಗತಿಗೆ ಯಾರನ್ನು ಹೊಣೆಗಾರರನ್ನಾಗಿ ಮಾಡಬೇಕು? ಸಾಕ್ಷ್ಯವೆಲ್ಲ ವಹಿಯಲ್ಲಿಯೇ ಇತ್ತು. ಹತ್ತು ತಿಂಗಳ ಪುಟಗಳಲ್ಲಿ ಒಬ್ಬರ ಪ್ರತಿ ಚಮಚವೂ ವೇಳೆಯೊಡನೆ ದಾಖಲಾಗಿದೆ. ಆ ಚಮಚವನ್ನು ತುಂಬಿದವರು ಉಂಡರೋ ಇಲ್ಲವೋ ಎಂಬುದಕ್ಕೆ ಒಂದು ಕಲಮೂ ಇಲ್ಲ. ಬಹುಶಃ ನಮ್ಮ ಯಾವ ಮನೆಯ ವಹಿಯಲ್ಲಿಯೂ ಆ ಕಲಮು ಇಲ್ಲ. ಪುಣೆಯಿಂದ ಹಿಂದಿರುಗುವ ಬಸ್ಸಿನಲ್ಲಿ ಮಾಸ್ತರರು ಒಂದೂ ಮಾತಾಡಲಿಲ್ಲ. ಮನೆಗೆ ಬಂದ ಸಂಜೆ ಮಗಳು ಸ್ಕೇಲು ತೆಗೆದುಕೊಂಡು ವಹಿಯ ಪುಟವನ್ನು ನಡುವೆ ಸೀಳಿದಳು: ಎಡಕ್ಕೆ ಅಪ್ಪ, ಬಲಕ್ಕೆ ಅವ್ವ.

ಬರೆಯುವುದು ಸುಲಭ, ನಡೆಸುವುದು ಸುಲಭವಾಗಲಿಲ್ಲ. ಮೊದಲ ವಾರ ಬಲಗಡೆಯ ಅಂಕಣದಲ್ಲಿ ತಾಯಿ ಹೇಳಿ ಬರೆಯಿಸಿದ ಸುಳ್ಳುಗಳೇ ಹೆಚ್ಚಿವೆ ಎಂದು ಮಗಳೇ ಹೇಳುತ್ತಾಳೆ. ಊಟವಾದೊಡನೆ ಚಹಾ ಬೇಡ, ಅದು ಅನ್ನದಲ್ಲಿರುವ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ ಎಂದು ವೈದ್ಯರು ಹೇಳಿದ್ದಕ್ಕೆ ಆಕೆ ತಲೆಯಾಡಿಸಿ, ಹಿತ್ತಲಿನಲ್ಲಿ ನಿಂತು ಕುಡಿಯುತ್ತಿದ್ದರು. ಕಡೆಗೆ ದಾರಿ ಹುಡುಕಿದವರು ಅತ್ತೆ. ಮಗನ ಊಟಕ್ಕೆ ಇಪ್ಪತ್ತು ನಿಮಿಷ ಬೇಕು. ಅಷ್ಟು ಹೊತ್ತು ಅವನು ಒಬ್ಬನೇ ಗೋಡೆ ನೋಡುತ್ತ ಅಗಿಯುವುದು ಬೇಡ, ಎದುರಿಗೆ ಕೂತು ನೀನೂ ಉಣ್ಣು ಎಂದು ಸೊಸೆಗೆ ಹೇಳಿದರು. ಗಂಡನ ಸಲುವಾಗಿ ಎಂದ ಮೇಲೆ ಆಕೆಗೆ ಅದು ಸಲ್ಲುವ ಮಾತಾಯಿತು. ಇಂಥ ನೆಪಗಳು ನ್ಯಾಯವಲ್ಲ ಎನ್ನಬಹುದು. ಆದರೆ ತಾಟು ತುಂಬಿತು, ನಾಲ್ಕು ತಿಂಗಳಲ್ಲಿ ರಕ್ತ 11ಕ್ಕೆ ಬಂತು.

ಎಳ್ಳಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋದರು. ಚರಗ ಚೆಲ್ಲಿ ಬಂದ ಮೇಲೆ ಜೋಳದ ಬೆಳೆಯ ನಡುವೆ ಊಟ: ಸಜ್ಜಿ ಕಡಬು, ಹತ್ತು ಹಲವು ಕಾಳು ಕಾಯಿಗಳ ಭಜ್ಜಿ, ಶೇಂಗಾ ಹೋಳಿಗೆ, ಮಡಕೆಯಲ್ಲಿ ಅಂಬಲಿ. ಮಾಸ್ತರರು ನಾಲ್ಕು ಚಮಚ ಭಜ್ಜಿ, ಅರ್ಧ ಕಡಬು ಉಂಡು, ಬದುವಿನ ಮೇಲೆ ಕೂತು, ಅಂಬಲಿಗೆ ಅರ್ಧ ಗಂಟೆ ಕಾದರು. ಹಸಿವು ಈಗೀಗ ಮರಳುತ್ತಿದೆ. ವರ್ಷ, ಒಂದೂವರೆ ವರ್ಷದ ಮೇಲೆ ಅದು ಮರಳುವುದು ಸಹಜ. ಕೆಲವರ ತೂಕವೂ ಅದರ ಹಿಂದೆಯೇ ಮರಳುತ್ತದೆ. ಅವರದು ಎರಡು ಕಿಲೋ ಏರಿದೆ. ಚೂಡಾ, ಶೇವು, ಬಿಸ್ಕೀಟುಗಳಂಥ ಕುರುಕಲುಗಳು ಸಲೀಸಾಗಿ ಇಳಿಯುತ್ತವೆ, ಬೇಳೆ ನಿಲ್ಲುವಂತೆ ಅವು ನಿಲ್ಲುವುದಿಲ್ಲ, ಮೋಸವಿರುವುದು ಅಲ್ಲಿಯೇ. ಶಿಕ್ಷಕರ ಕೋಣೆಯ ಚೂಡಾದ ಡಬ್ಬಿಯನ್ನು ಅವರು ಬೀಗ ಹಾಕಿಸಿ, ಕೀಲಿಯನ್ನು ಸಹಶಿಕ್ಷಕಿಗೆ ಕೊಟ್ಟಿದ್ದಾರೆ.

ಕಳೆದ ತಪಾಸಣೆಗೆ ಹೋಗುವಾಗ ಮಗಳು ವಹಿಯನ್ನು ಒಯ್ದಿದ್ದಳು. ಆಸ್ಪತ್ರೆಯ ಆಹಾರತಜ್ಞೆ ಮರಾಠಿಯವರು. ನುಚ್ಚು ಎಂದರೇನು, ಕಟ್ಟು ಎಂದರೇನು, ಹಿಂಡಿ ಎಂದರೆ ಯಾವುದರ ಚಟ್ನಿ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಇಂಡಿ, ಆಳಂದ, ಜತ್ತದ ಕಡೆಯಿಂದ ಬರುವ ರೋಗಿಗಳಿಗೆ ಓಟ್ಸ್ ಎಂದು ಹೇಳಿ ತಮಗೂ ಸಾಕಾಗಿದೆ ಎಂದು ನಕ್ಕರು. ಸರಿ ಗುರುತು ಬಿದ್ದ ಪದಾರ್ಥಗಳ ಪಟ್ಟಿಯನ್ನು ಮಗಳು ಈಗ ಎರಡು ಭಾಷೆಯಲ್ಲಿಯೂ ಶುದ್ಧ ಪ್ರತಿ ಮಾಡುತ್ತಿದ್ದಾಳೆ. ಮೂವತ್ತೊಂದು ಪದಾರ್ಥಗಳಾಗಿವೆ. ಪುಂಡಿಪಲ್ಯದ ಮುಂದೆ ಮಾತ್ರ ಇನ್ನೂ ಪ್ರಶ್ನೆಯ ಗುರುತೇ ಇದೆ. ಎರಡು ಸಲ ಇಳಿದಿದೆ, ಎರಡು ಸಲ ನಿಂತಿದೆ.